ಕಾಲೇಜು ನೋಡುವುದಾದರೆ ಮಳೆಗಾಲದಲ್ಲಿ ನೋಡಿ

ಪಕ್ಕದ ತಾಲೂಕಿನಲ್ಲಿ ಯಾರೋ ಹೊಸ ಕಬ್ಬಿನ ತಳಿ ಹಚ್ಚಿದ್ದಾರೆ ಎಂದು ಕೇಳಿದರೆ ನಾವು ಏನು ಮಾಡುತ್ತೇವೆ? ಬೆಳಿಗ್ಗೆ ಗಾಡಿ ಹತ್ತಿ ನಲವತ್ತು ಕಿಲೋಮೀಟರ್ ಹೋಗುತ್ತೇವೆ. ಬದುವಿನ ಮೇಲೆ ನಿಂತು ನೋಡಿ ಬರುವುದಿಲ್ಲ. ಒಳಗೆ ಇಳಿದು ಮರಿ ಎಣಿಸುತ್ತೇವೆ, ಗಣಿಕೆ ಹಿಡಿದು ನೋಡುತ್ತೇವೆ, ಕುಳೆ ಹೇಗೆ ಬರುತ್ತದೆ ಎಂದು ಕೇಳುತ್ತೇವೆ. ಕಾರ್ಖಾನೆಯವರು ಒಯ್ಯುತ್ತಾರೋ ಇಲ್ಲವೋ ವಿಚಾರಿಸುತ್ತೇವೆ. ಇಷ್ಟಾದ ಮೇಲೂ ಮೊದಲ ವರ್ಷ ಹತ್ತು ಗುಂಟೆ ಹಚ್ಚಿ ನೋಡೋಣ ಎನ್ನುತ್ತೇವೆ.

ಅದೇ ನಾವು, ಮಗಳೋ ಮಗನೋ ಪಿಯುಸಿ ಪಾಸಾದಾಗ ಕಾಲೇಜು ಆರಿಸಲು ಎಷ್ಟು ಹೊತ್ತು ಕೊಡುತ್ತೇವೆ? ಚಹಾದಂಗಡಿಯಲ್ಲಿ ಅರ್ಧ ತಾಸು. 'ಸಾಹುಕಾರರ ಮಗ ಎಲ್ಲಿ ಹೋದ?' 'ಅಲ್ಲಿ ಹೋದ.' 'ಹಂಗಾರ ನಮ್ಮಂವನೂ ಅಲ್ಲೇ ಹೋಗ್ಲಿ.' ಮುಗಿಯಿತು.

ನಾನು ಹೀಗೆ ಮಾಡಿ ಕೈ ಸುಟ್ಟುಕೊಂಡವನು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಚಿಕ್ಕೋಡಿ ತಾಲೂಕಿನ ದೂಧಗಂಗಾ ದಂಡೆಯ ಊರು. ಮೂರು ಎಕರೆ ಜಮೀನು. ಎರಡರಲ್ಲಿ ಕಬ್ಬು, ಉಳಿದದ್ದರಲ್ಲಿ ಸೋಯಾಬೀನ್, ಹಿಂದೆ ತಂಬಾಕು. ಮಗ 2016ರಲ್ಲಿ ಪಿಯುಸಿ ವಿಜ್ಞಾನ ಪಾಸಾದ. ಅಂಕ ಸುಮಾರು. ದೂರದ ಊರಿನ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನವರು ದೊಡ್ಡ ಬಣ್ಣದ ಪುಸ್ತಕ ಕಳಿಸಿದರು. ಅದರಲ್ಲಿ ಈಜುಕೊಳ ಇತ್ತು, ಕಂಪ್ಯೂಟರ್ ಮುಂದೆ ನಗುತ್ತ ಕುಳಿತ ಹುಡುಗರಿದ್ದರು. ನಾನು ಫೀ ಕಟ್ಟುವ ದಿನವೇ ಆ ಕಾಲೇಜಿನ ಗೇಟು ನೋಡಿದ್ದು. ಮೊದಲ ವರ್ಷಕ್ಕೇ ಲಕ್ಷದ ಮೇಲೆ ಹೋಯಿತು. ಎರಡನೆಯ ವರ್ಷಕ್ಕೆ ಇಪ್ಪತ್ತು ಗುಂಟೆ ಲಾವಣಿಗೆ ಕೊಟ್ಟೆ. ಪಾಠ ಮಾಡುವವರು ಆರು ತಿಂಗಳಿಗೊಮ್ಮೆ ಬದಲಾಗುತ್ತಿದ್ದರು. ಹುಡುಗ ಬರೀ ಇಂಗ್ಲಿಷಿನ ಪಾಠಕ್ಕೆ ಹೆದರಿ ಹಿಂದಿನ ಬೆಂಚಿಗೆ ಸರಿದ. ಮೂರನೆಯ ವರ್ಷಕ್ಕೆ ಏಳು ವಿಷಯ ಉಳಿಸಿಕೊಂಡು ಮನೆಗೆ ಬಂದ. ಈಗ ನನ್ನ ಜೊತೆ ಹೊಲದಲ್ಲಿ ಇದ್ದಾನೆ, ಚೆನ್ನಾಗಿಯೇ ದುಡಿಯುತ್ತಾನೆ. ಆದರೆ ಆ ಮೂರು ವರ್ಷ ಮತ್ತು ಆ ಇಪ್ಪತ್ತು ಗುಂಟೆ ನಮ್ಮ ಮನೆಯ ಊಟದಲ್ಲಿ ಇನ್ನೂ ಕಲ್ಲಿನಂತೆ ಸಿಗುತ್ತವೆ. ತಪ್ಪು ಕಾಲೇಜಿನದ್ದು ಎಷ್ಟೋ ನನ್ನದೂ ಅಷ್ಟೇ. ನೋಡದೆ ಬೀಜ ತಂದವನು ನಾನು.

ಮಗಳ ಸರದಿ

2024ರಲ್ಲಿ ಮಗಳು ಪಿಯುಸಿ ಕಲಾ ವಿಭಾಗದಲ್ಲಿ ಪಾಸಾದಳು. ಅಣ್ಣನಿಗಿಂತ ಒಳ್ಳೆಯ ಅಂಕ. 'ಅಪ್ಪಾ, ನಾ ಬಿ.ಎ. ಮಾಡ್ತೇನಿ. ಇತಿಹಾಸ, ಅರ್ಥಶಾಸ್ತ್ರ ತಗೋತೇನಿ' ಅಂದಳು.

ನನಗೆ ಸಿಟ್ಟು ಬಂತು. 'ಬಿ.ಎ. ಅಂದ್ರ ಏನೂ ಸಿಗದವರು ಮಾಡೂದು. ನರ್ಸಿಂಗ್ ಮಾಡು, ಇಲ್ಲಾ ಬಿ.ಕಾಂ. ಮಾಡು' ಅಂದೆ.

ಆಕೆ ಕೇಳಿದ ಪ್ರಶ್ನೆ ಇವತ್ತಿಗೂ ನೆನಪಿದೆ: 'ಅಣ್ಣಗ ಬ್ಯಾಡಾದ್ದನ್ನ ಓದಿಸಿ ಏನ ಆತು ಅಪ್ಪಾ?'

ನಮ್ಮ ಮನೆಯಾಕೆ ಮಾತು ತಿರುಗಿಸಿ, 'ಏನರೆ ಓದ್ಲಿ, ಸಂಜೀಗೆ ಮನೀಗೆ ಬರೂವಂಗ ಇರ್ಲಿ' ಅಂದಳು. ಅಲ್ಲಿಗೆ ಮೂವರ ಮೂರು ಅಭಿಪ್ರಾಯ ಆಯಿತು. ಈ ಸಲ ನಾನು ಒಂದು ಬುದ್ಧಿ ಮಾಡಿದೆ. ಯಾವ ತೀರ್ಮಾನಕ್ಕೂ ಮುಂಚೆ ಹೋಗಿ ನೋಡೋಣ ಎಂದು ಮಗಳನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಹೊರಟೆ.

ನಮ್ಮ ಕಡೆ ಏನೇನಿದೆ

ನಮ್ಮ ಐದು ತಾಲೂಕುಗಳಲ್ಲಿ ಕಾಲೇಜಿಗೆ ಬರವಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆಯವರದೇ ಚಿಕ್ಕೋಡಿಯಲ್ಲಿ ಬಸವಪ್ರಭು ಕೋರೆ ಕಾಲೇಜು, ನಿಪ್ಪಾಣಿಯಲ್ಲಿ ಜಿ.ಐ. ಬಾಗೇವಾಡಿ ಕಾಲೇಜು ಇವೆ. ಅಥಣಿಯಲ್ಲಿ ಎಸ್.ಎಸ್.ಎಂ.ಎಸ್. ಕಾಲೇಜು, ಕಾಗವಾಡದಲ್ಲಿ ಶಿವಾನಂದ ಕಾಲೇಜು, ರಾಯಬಾಗದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇವೆ. ದೂರ ಹೋಗುವವರಿಗೆ ಬೆಳಗಾವಿಯ ಲಿಂಗರಾಜ ಕಾಲೇಜು (1933), ಧಾರವಾಡದ ಕರ್ನಾಟಕ ಕಾಲೇಜು (1917) ಇವೆ. ಕಾಗವಾಡದವರಿಗೆ ಮೀರಜ ಹತ್ತಿರ. ಮೀರಜ-ಸಾಂಗಲಿ ನಡುವಿನ ವಿಲಿಂಗ್ಡನ್ ಕಾಲೇಜು 1919ರದ್ದು. ಅಥಣಿಯವರಿಗೆ ಬೆಳಗಾವಿಗಿಂತ ವಿಜಯಪುರ ಹತ್ತಿರ. ರಾಯಬಾಗ, ಕುಡಚಿ, ಉಗಾರ ಕಡೆಯವರಿಗೆ ಮೀರಜ-ಬೆಳಗಾವಿ ರೈಲಿನ ಅನುಕೂಲ ಇದೆ. ನಮ್ಮ ಚಿಕ್ಕೋಡಿ ಪೇಟೆಗೆ ಅದಿಲ್ಲ; 'ಚಿಕ್ಕೋಡಿ ರೋಡ್' ಎಂಬ ನಿಲ್ದಾಣದ ಹೆಸರು ನಂಬಿ ಇಳಿದವರಿಗೆ ಗೊತ್ತು.

2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಗುವವರೆಗೆ ನಮ್ಮ ಕಡೆಯ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿದ್ದವು. ಅಂಕಪಟ್ಟಿಯಲ್ಲಿ ಹೆಸರು ತಪ್ಪಾದರೂ ಬುತ್ತಿ ಕಟ್ಟಿಕೊಂಡು ಧಾರವಾಡದ ಬಸ್ಸು ಹಿಡಿಯಬೇಕಿತ್ತು. ಆ ತ್ರಾಸು ಈಗ ಅರ್ಧಕ್ಕೆ ಇಳಿದಿದೆ.

ಒಂದೇ ಪೇಟೆ, ಎರಡು ವಿಶ್ವವಿದ್ಯಾಲಯ

ನಿಪ್ಪಾಣಿಯ ಮಾತು ಬೇರೆ. ಪೇಟೆಯೊಳಗೆ ಬಾಗೇವಾಡಿ ಕಾಲೇಜು. ಪೇಟೆಗೆ ಹತ್ತಿದಂತೆಯೇ ಅರ್ಜುನನಗರದಲ್ಲಿ ದೇವಚಂದ ಕಾಲೇಜು. ಆದರೆ ಅರ್ಜುನನಗರ ಕೊಲ್ಲಾಪುರ ಜಿಲ್ಲೆಯ ಕಾಗಲ ತಾಲೂಕು. ಒಂದು ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಇನ್ನೊಂದು 1962ರಲ್ಲಿ ಆದ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ. ಒಂದೇ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಇಬ್ಬರು ಗೆಳತಿಯರು ಎರಡು ರಾಜ್ಯಗಳ ಪದವಿ ಪಡೆಯಬಹುದು.

ಇದರಲ್ಲಿ ಯಾವುದು ಸರಿ ಎಂದು ಭಾಷೆಯ ಜಗಳ ಹೂಡುವವರಿದ್ದಾರೆ. ನನ್ನ ವಿಚಾರ ಹಾಗಲ್ಲ. ಮಗು ಹತ್ತನೇ ತನಕ ಮರಾಠಿಯಲ್ಲಿ ಓದಿದ್ದರೆ ಆಚೆಯ ಕಾಲೇಜು ಅದಕ್ಕೆ ಸಲೀಸು. ಕನ್ನಡದಲ್ಲಿ ಓದಿದ್ದರೆ ಈಚೆಯದು ಸಲೀಸು. ಎರಡೂ ಪದವಿಗಳಿಗೆ ದೇಶದ ತುಂಬ ಬೆಲೆ ಇದೆ. ಲೆಕ್ಕ ಹಾಕಬೇಕಾದ್ದು ಬೇರೆ ಸಂಗತಿ: ಶಿಷ್ಯವೇತನ ಯಾವ ರಾಜ್ಯದ್ದು ಸಿಗುತ್ತದೆ, ಮುಂದೆ ಪರೀಕ್ಷೆ ಬರೆಯುವುದು ಯಾವ ರಾಜ್ಯದ ನೌಕರಿಗೆ, ಬಸ್ಸಿಗೆ ಎಷ್ಟು.

ಬಸ್ಸಿನದು ಸಣ್ಣ ಮಾತಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳು ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸಿನಲ್ಲಿ ಚಿಕ್ಕೋಡಿಗಾಗಲಿ ಬೆಳಗಾವಿಗಾಗಲಿ ಟಿಕೀಟು ಕೊಡದೆ ಹೋಗಿಬರುತ್ತಾರೆ. ಕೊಲ್ಲಾಪುರಕ್ಕೆ ಹೋಗುವ ಬಸ್ಸಿಗೆ ಅದು ನಡೆಯುವುದಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ಮಹಾರಾಷ್ಟ್ರ ತನ್ನ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೀಟು ಮಾಡಿತು. ದಿನಾ ಹೋಗಿಬರುವ ಹುಡುಗಿಗೆ ಮೂರು ವರ್ಷಕ್ಕೆ ಇದು ಎಷ್ಟಾಗುತ್ತದೆ, ಕೂತು ಗುಣಿಸಿ ನೋಡಿ.

ಪಿಯುಸಿಯನ್ನೇ ಆಚೆ ಓದಿಸಲು ಯೋಚಿಸುವವರಿಗೆ ಒಂದು ಎಚ್ಚರ. ಕರ್ನಾಟಕದ ಸಿ.ಇ.ಟಿ. ಸೀಟಿಗೆ ಸಾಮಾನ್ಯವಾಗಿ ಒಂದನೇ ತರಗತಿಯಿಂದ ಪಿಯುಸಿಯೊಳಗೆ ಏಳು ವರ್ಷ ಈ ರಾಜ್ಯದಲ್ಲಿ ಓದಿದ ದಾಖಲೆ ಕೇಳುತ್ತಾರೆ. ಗಡಿನಾಡಿನವರಿಗೆ ಬೇರೆ ಕಲಮುಗಳಿವೆ, ಅದಕ್ಕೆ ಬೇರೆ ಕಾಗದ. ದಾಟುವ ಮುಂಚೆ ಕೇಳಿಕೊಳ್ಳಿ, ದಾಟಿದ ಮೇಲೆ ಅಲ್ಲ.

ನಾವು ಏನು ನೋಡಿದೆವು

ಅಪ್ಪ-ಮಗಳು ಆರು ಕಾಲೇಜು ನೋಡಿದೆವು. ಎರಡು ಊರ ಸುತ್ತಲಿನವು, ಎರಡು ನಿಪ್ಪಾಣಿ ಕಡೆಯವು, ಬೆಳಗಾವಿಯದೊಂದು, ಧಾರವಾಡದ್ದೊಂದು. ಯಾವುದು ಹೇಗಿತ್ತು ಎಂದು ಹೆಸರು ಹಿಡಿದು ಬರೆಯುವುದಿಲ್ಲ. ಇಂದು ಚೆನ್ನಾಗಿದ್ದದ್ದು ನಾಳೆ ಕೆಡಬಹುದು, ಕೆಟ್ಟದ್ದು ಸುಧಾರಿಸಬಹುದು. ನೋಡುವ ಬಗೆ ಮಾತ್ರ ಹೇಳುತ್ತೇನೆ.

ಮೊದಲನೆಯದು, ಪಾಠ ಮಾಡುವವರು. ಮಗಳು ಬೇಕೆನ್ನುವ ವಿಷಯಕ್ಕೆ ಕಾಯಂ ಅಧ್ಯಾಪಕರು ಇದ್ದಾರೋ, ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ. ಸರ್ಕಾರಿ ಕಾಲೇಜುಗಳು ಬಹಳಮಟ್ಟಿಗೆ ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತವೆ. 2023ರ ಕೊನೆಗೆ ಅವರು ರಾಜ್ಯದುದ್ದಕ್ಕೂ ಮುಷ್ಕರ ಹೂಡಿದಾಗ ಎಷ್ಟೋ ಕಡೆ ಪಾಠವೇ ನಿಂತಿತು. ಅವರಲ್ಲಿ ಬಲು ಚೆನ್ನಾಗಿ ಕಲಿಸುವವರಿದ್ದಾರೆ, ಅವರ ಸಂಕಟ ನಿಜ. ಆದರೆ ಒಂದು ವಿಷಯಕ್ಕೆ ಒಬ್ಬರಾದರೂ ಬೇರು ಬಿಟ್ಟವರು ಬೇಕು.

ಎರಡನೆಯದು, ಗ್ರಂಥಾಲಯ. ಒಂದು ಕಡೆ ಗ್ರಂಥಾಲಯ ತೋರಿಸಿ ಎಂದಾಗ ಕೀಲಿಕೈ ಹುಡುಕಲು ಇಪ್ಪತ್ತು ನಿಮಿಷ ಹಿಡಿಯಿತು. ಇನ್ನೊಂದು ಕಡೆ ಮಧ್ಯಾಹ್ನ ಮೂರಕ್ಕೆ ಹತ್ತು ಹನ್ನೆರಡು ಮಕ್ಕಳು ಕೂತು ಓದುತ್ತಿದ್ದರು, ಪುಸ್ತಕದ ಅಂಚು ಸವೆದಿತ್ತು. ಮಗಳು ನನ್ನ ಕಿವಿಯಲ್ಲಿ, 'ಅಪ್ಪಾ, ಇಲ್ಲಿ ಓದ್ತಾರ' ಅಂದಳು. ಆ ಮಾತಿಗಿಂತ ದೊಡ್ಡ ಪ್ರಮಾಣಪತ್ರ ಬೇಡ.

ಮೂರನೆಯದು, ನ್ಯಾಕ್ ಶ್ರೇಣಿ. 1994ರಲ್ಲಿ ಆದ ಈ ಸಂಸ್ಥೆ ಕಾಲೇಜುಗಳಿಗೆ ಎ, ಬಿ ಎಂದು ಶ್ರೇಣಿ ಕೊಡುತ್ತ ಬಂದಿದೆ. ಗೇಟಿನ ಮೇಲೆ ಬರೆದಿರುತ್ತಾರೆ. ನೋಡಿ, ಆದರೆ ಅದನ್ನೇ ನಂಬಬೇಡಿ. ಯಾವ ವರ್ಷ ಕೊಟ್ಟದ್ದು ಎಂದು ಕೇಳಿ. ಹಳೆಯ ಮಣ್ಣು ಪರೀಕ್ಷೆಯ ಚೀಟಿ ಇಟ್ಟುಕೊಂಡು ಈ ವರ್ಷ ಗೊಬ್ಬರ ಹಾಕಿದಂತೆ ಆಗಬಾರದು.

ನಾಲ್ಕನೆಯದು, ಓದುತ್ತಿರುವ ಮಕ್ಕಳು. ಪ್ರಿನ್ಸಿಪಾಲರ ಕೋಣೆಯಲ್ಲಿ ಸಿಗದ ಸುದ್ದಿ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತದೆ. ಎರಡನೆಯ ವರ್ಷದ ಹುಡುಗಿಯರನ್ನು ಮಗಳೇ ಮಾತಾಡಿಸಲಿ, ನೀವು ದೂರ ನಿಲ್ಲಿ. ತಾಸು ನಡೆಯುತ್ತವೆಯೇ, ಸರ್ ಹೆಸರು ಹಿಡಿದು ಕರೆಯುತ್ತಾರೆಯೇ, ಶೌಚಾಲಯದಲ್ಲಿ ನೀರು ಇದೆಯೇ. ಕೊನೆಯ ಪ್ರಶ್ನೆ ನಮ್ಮಂಥ ಗಂಡಸರ ತಲೆಗೆ ಹೊಳೆಯುವುದೇ ಇಲ್ಲ.

ಐದನೆಯದು ದಾರಿ. ನಮ್ಮ ಕಡೆಯವರಿಗೆ ಇದು ಮುಖ್ಯ. ಮೇ ತಿಂಗಳಲ್ಲಿ ನೋಡಿದರೆ ಎಲ್ಲ ಕಾಲೇಜೂ ಹತ್ತಿರ. ಜುಲೈ, ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ತುಂಬಿದಾಗ ಕಲ್ಲೋಳ-ಯಡೂರ ಸೇತುವೆ ಮುಳುಗುತ್ತದೆ, ಕಾರದಗಾ-ಭೋಜ ಸೇತುವೆ ಮುಳುಗುತ್ತದೆ. ಎಂಟು ಕಿಲೋಮೀಟರಿನ ದಾರಿಗೆ ಸುತ್ತು ಹಾಕಿ ಹೋಗಬೇಕು. 2019ರ ಮಹಾಪೂರದಲ್ಲಿ ವಾರಗಟ್ಟಲೆ ಮನೆ ಬಿಟ್ಟವರಿದ್ದೇವೆ. ಆದ್ದರಿಂದ ಮಗು ಎರಡನೆಯ ಪಿಯುಸಿಯಲ್ಲಿ ಇರುವಾಗಲೇ, ಅಂದರೆ ಹಿಂದಿನ ಮಳೆಗಾಲದಲ್ಲೇ, ಕಾಲೇಜಿನ ದಾರಿ ನೋಡಿ ಬನ್ನಿ. ಹೊಳೆ ದಾಟುವ ಊರಿನವರು ಹಾಸ್ಟೆಲು ಇರುವ ಕಡೆ ಒಂದು ಅರ್ಜಿ ಹಾಕಲೇಬೇಕು. ಬಿ.ಸಿ.ಎಂ. ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿಗೆ ಬೇರೆ ಅರ್ಜಿ, ಬೇರೆ ತಾರೀಖು. ಕಾಲೇಜು ಸೇರಿದರೆ ಹಾಸ್ಟೆಲು ತಾನೇ ಸಿಗುತ್ತದೆ ಎಂದು ಕೂರಬೇಡಿ.

ಎಷ್ಟು ಕಡೆ ಅರ್ಜಿ

ಒಂದೇ ಕಡೆ ಹಾಕಿ ಕಾಯುವುದು ತಪ್ಪು, ಹತ್ತು ಕಡೆ ಹಾಕುವುದು ದಂಡ. ನನ್ನ ಲೆಕ್ಕ ಮೂರು. ಖಾತ್ರಿ ಸಿಗುವ ಹತ್ತಿರದ್ದೊಂದು. ಅಂಕಕ್ಕೆ ತಕ್ಕ, ಸ್ವಲ್ಪ ದೂರದ, ಹಾಸ್ಟೆಲು ಇರುವುದೊಂದು. ಮೂರನೆಯದು, ಸಿಕ್ಕರೆ ನಮ್ಮ ಪುಣ್ಯ ಎನ್ನುವಂಥದ್ದು.

ಈ ಮೂರನೆಯದಕ್ಕೆ ನಾವು ಅರ್ಜಿಯನ್ನೇ ಹಾಕುವುದಿಲ್ಲ. 'ಅದು ನಮ್ಮಂಥವರಿಗಲ್ಲ' ಎನ್ನುತ್ತೇವೆ. ಬೆಂಗಳೂರಿನಲ್ಲಿ 2010ರಲ್ಲಿ ಆದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಬಿ.ಎ., ಬಿ.ಎಸ್ಸಿ. ಇವೆ. ಫೀ ಕೇಳಿದರೆ ಎದೆ ಒಡೆಯುತ್ತದೆ. ಆದರೆ ಮನೆಯ ಆದಾಯ ನೋಡಿ ಫೀ ಬಿಡುವ ಕ್ರಮ ಅಲ್ಲಿದೆ, ಪ್ರವೇಶ ಪರೀಕ್ಷೆ ಪಾಸಾಗಬೇಕು. ಮೂರು ಎಕರೆಯವನ ಮಗಳು ಅರ್ಜಿ ಹಾಕಬಾರದು ಎಂದು ಎಲ್ಲಿಯೂ ಬರೆದಿಲ್ಲ. ನನ್ನ ಮಗಳಿಗೆ ಇದು ಗೊತ್ತಾಗುವಷ್ಟರಲ್ಲಿ ತಾರೀಖು ಮುಗಿದಿತ್ತು. ಇಂಥ ಕಡೆ ಅರ್ಜಿ ಪಿಯುಸಿ ಪರೀಕ್ಷೆಗಿಂತ ಮೊದಲೇ ಶುರುವಾಗುತ್ತದೆ. ನಿಮ್ಮ ಮಕ್ಕಳಿಗಾದರೂ ಹಾಗಾಗದಿರಲಿ.

ವಿಜ್ಞಾನ ಓದಿದ ಮಕ್ಕಳಿದ್ದರೆ ಇನ್ನೊಂದು ಮಾತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ (1986) ಕಡೆ ಬಿ.ಎಸ್ಸಿ. ಕೃಷಿಗೆ ರೈತರ ಮಕ್ಕಳಿಗೆ ಮೀಸಲು ಸೀಟುಗಳಿವೆ. ಅದಕ್ಕೆ ಸಿ.ಇ.ಟಿ. ಜೊತೆ ಪ್ರಾಯೋಗಿಕ ಪರೀಕ್ಷೆ ಇದೆ: ಬೀಜ, ಗೊಬ್ಬರ, ಕಳೆ, ಸಲಕರಣೆ ಗುರುತಿಸಬೇಕು. ಹೊಲಕ್ಕೆ ಕಾಲಿಡದೆ ಬೆಳೆಸಿದ ರೈತನ ಮಗ ಅಲ್ಲಿ ತಬ್ಬಿಬ್ಬಾಗುತ್ತಾನೆ.

ಜೂನಿನ ಫೀ, ಜನವರಿಯ ಬಿಲ್ಲು

ಕಬ್ಬಿನವರ ತೊಂದರೆ ಎಂದರೆ ಹಂಗಾಮು ಮುಗಿದು ಕೈ ಖಾಲಿಯಾದ ಹೊತ್ತಿಗೇ ಕಾಲೇಜಿನ ಫೀ ಬರುತ್ತದೆ. ಜೂನ್, ಜುಲೈಯಲ್ಲಿ ಬಿತ್ತನೆ, ಗೊಬ್ಬರ, ಫೀ ಎಲ್ಲ ಒಟ್ಟಿಗೆ. ಆಗ ಕೈಗಡ ತೆಗೆದವರು ಬಡ್ಡಿಯಲ್ಲೇ ಒಂದು ವರ್ಷದ ಫೀ ಕಳೆಯುತ್ತಾರೆ. ನಾನು ಈಗ ಕಬ್ಬಿನ ಬಿಲ್ಲು ಬಂದ ದಿನವೇ ಮಗಳ ಹೆಸರಿನ ಖಾತೆಗೆ ಒಂದು ಪಾಲು ಹಾಕುತ್ತೇನೆ. ಸಣ್ಣ ಕೆಲಸ, ಆದರೆ ಜೂನಿನಲ್ಲಿ ಯಾರ ಮನೆ ಬಾಗಿಲಿಗೂ ಹೋಗುವುದು ತಪ್ಪಿದೆ.

ರೈತರ ಮಕ್ಕಳಿಗೆಂದು 2021ರಲ್ಲಿ ರೈತ ವಿದ್ಯಾನಿಧಿ ಎಂಬ ಶಿಷ್ಯವೇತನ ಬಂತು. ಆಗ ಬಿ.ಎ.ಯಂಥ ಪದವಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ನಿಗದಿಯಾಗಿತ್ತು. ಈ ವರ್ಷ ಯಾವ ಯಾವ ಶಿಷ್ಯವೇತನ ತೆರೆದಿವೆ ಎಂದು ಕಾಲೇಜಿನ ಕಚೇರಿಯಲ್ಲೇ ಕೇಳಿ. ಉತಾರ, ಆಧಾರ್, ಬ್ಯಾಂಕ್ ಪುಸ್ತಕ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಅಡ್ಡಹೆಸರು ಇದ್ದರೆ ದುಡ್ಡು ನಡುದಾರಿಯಲ್ಲೇ ನಿಲ್ಲುತ್ತದೆ.

ಬಿ.ಎ. ಓದಿ ಏನು ಮಾಡುತ್ತಾಳೆ?

ಈ ಪ್ರಶ್ನೆ ನನ್ನ ಬೀಗರು ಕೇಳಿದರು, ಸೊಸಾಯಟಿಯ ಕಾರ್ಯದರ್ಶಿ ಕೇಳಿದರು, ಮೊದಲು ನಾನೇ ಕೇಳಿದ್ದೆ. ನೌಕರಿ ಖಾತ್ರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಕೆ.ಎ.ಎಸ್., ಪಿ.ಡಿ.ಒ., ಪೊಲೀಸ್ ಸಬ್‌ಇನ್‌ಸ್ಪೆಕ್ಟರ್, ಬ್ಯಾಂಕು, ಈ ಪರೀಕ್ಷೆಗಳೆಲ್ಲ ಕೇಳುವುದು ಒಂದು ಪದವಿ. ಬಿ.ಇಡ್. ಮಾಡಿದರೆ ಶಾಲೆ ಇದೆ, ಮೂರು ವರ್ಷದ ಕಾನೂನು ಇದೆ. ಅರ್ಧಕ್ಕೆ ಬಿಟ್ಟ ಇಂಜಿನಿಯರಿಂಗಿಗಿಂತ ಚೆನ್ನಾಗಿ ಮುಗಿಸಿದ ಬಿ.ಎ. ಮೇಲು. ಇದನ್ನು ಇಪ್ಪತ್ತು ಗುಂಟೆ ಕೊಟ್ಟು ಕಲಿತಿದ್ದೇನೆ.

ನಡುವೆ ನಾಲ್ಕು ವರ್ಷದ ಪದವಿ ಎಂಬ ಗೊಂದಲವೂ ಇತ್ತು. 2021ರಲ್ಲಿ ತಂದರು, 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು. ಮಗಳು ಸೇರಿದ್ದು ಆ ವರ್ಷವೇ. ಇನ್ನೊಂದು ವರ್ಷದ ಖರ್ಚು ಉಳಿಯಿತು ಎಂದು ನಾನು ಖುಷಿಪಟ್ಟರೆ, 'ಒಂದು ವರ್ಷದ ಓದು ಹೋತು' ಎಂದು ಆಕೆ ಮುಖ ಸಣ್ಣದು ಮಾಡಿದಳು.

ಕಡೆಗೆ ಆಕೆ ಆರಿಸಿದ್ದು ಗ್ರಂಥಾಲಯದಲ್ಲಿ ಮಕ್ಕಳು ಓದುತ್ತಿದ್ದ ಆ ಸಣ್ಣ ಕಾಲೇಜು. ಕಟ್ಟಡ ಹಳೆಯದು. ಆಕೆಯ ತರಗತಿಯಲ್ಲಿ ಮೂವತ್ತು ಚಿಲ್ಲರೆ ಮಕ್ಕಳು. ದೊಡ್ಡ ಕಾಲೇಜಿನಲ್ಲಿ ಹುಡುಗಿ ಒಂದು ನಂಬರು, ಇಲ್ಲಿ ಎರಡು ದಿನ ಬರದಿದ್ದರೆ ಸರ್ ಫೋನು ಮಾಡುತ್ತಾರೆ. ಮಳೆಗಾಲದಲ್ಲಿ ಹೊಳೆ ಏರಿದಾಗ ಅಕ್ಕನ ಮನೆಯಲ್ಲಿ ಉಳಿದು ಹೋಗುತ್ತಾಳೆ. ತಾಯಿಯ ಮಾತೂ ಅರ್ಧ ನಡೆಯಿತು.

ಮೊದಲ ವರ್ಷದ ಚಳಿಗಾಲದಲ್ಲಿ ಒಂದು ಸಂಜೆ ನಡೆದದ್ದು ಹೇಳಿ ಮುಗಿಸುತ್ತೇನೆ. ಕಬ್ಬು ಹೋಗಿ ತಿಂಗಳ ಮೇಲಾಗಿತ್ತು, ಬಿಲ್ಲು ಬಂದಿರಲಿಲ್ಲ. ನಾನು, ಮಗ ಬೈದುಕೊಳ್ಳುತ್ತ ಕೂತಿದ್ದೆವು. ಮಗಳು ಕೇಳಿದಳು: 'ಅಪ್ಪಾ, ಕಬ್ಬು ಕೊಟ್ಟು ಹದಿನಾಲ್ಕು ದಿನದೊಳಗ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಾಗ ಐತಿ. ತಡಾ ಆದ್ರ ವರ್ಷಕ್ಕ ನೂರಕ್ಕ ಹದಿನೈದು ಬಡ್ಡಿ ಕೊಡಬೇಕು. ನೀವು ಎಂದರೆ ಬರೆದು ಕೇಳೀರೇನು?'

ನಲವತ್ತು ವರ್ಷದಿಂದ ಕಬ್ಬು ಬೆಳೆಯುತ್ತೇನೆ. ಬರೆದು ಕೇಳಿರಲಿಲ್ಲ. ಅರ್ಥಶಾಸ್ತ್ರದ ಸರ್ ತರಗತಿಯಲ್ಲಿ ನಮ್ಮ ಬೆಳೆಯ ಮಾತೇ ಎತ್ತಿ ಪಾಠ ಮಾಡಿದ್ದರಂತೆ. ಆಕೆ ಹಾಳೆ ತಂದು ಅರ್ಜಿ ಬರೆದಳು, ನಾನು ಸಹಿ ಹಾಕಿದೆ, ಅಣ್ಣ ಓಣಿಯ ಹನ್ನೊಂದು ಜನರ ಸಹಿ ತಂದ. ಬಿಲ್ಲು ಬಂತು. ಬಡ್ಡಿ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಮರುವರ್ಷ ಕಬ್ಬು ಕಳಿಸಿದ ತಾರೀಖುಗಳನ್ನು ಓಣಿಯವರೆಲ್ಲ ಬರೆದಿಡಲು ಶುರುಮಾಡಿದರು.

ಬಿ.ಎ. ಓದಿ ಏನು ಮಾಡುತ್ತಾಳೆ ಎಂದು ಈಗ ಯಾರಾದರೂ ಕೇಳಿದರೆ ಈ ಸಂಗತಿ ಹೇಳುತ್ತೇನೆ.

ಓದುಗ ಮಿತ್ರರೇ, ನಿಮ್ಮ ಮಕ್ಕಳಿಗೆ ಕಾಲೇಜು ಹೇಗೆ ಆರಿಸಿದಿರಿ, ಎಲ್ಲಿ ತಪ್ಪಿದಿರಿ, ನಮ್ಮ ಪತ್ರಿಕೆಗೆ ಬರೆಯಿರಿ. ಬೀಜದ ಅನುಭವ ಹಂಚಿಕೊಂಡಂತೆ ಇದನ್ನೂ ಹಂಚಿಕೊಳ್ಳೋಣ. ಬರುವ ಮಳೆಗಾಲದಲ್ಲಿ ಎಷ್ಟೋ ಮನೆಗಳಲ್ಲಿ ಎರಡನೆಯ ಪಿಯುಸಿಯ ಮಕ್ಕಳಿರುತ್ತಾರೆ. ಒಂದು ದಿನ ಗಾಡಿಯ ಹಿಂದೆ ಕೂರಿಸಿಕೊಂಡು ಹೊರಡಿ. ಹೊಲದ ಕೆಲಸ ಒಂದು ದಿನ ಕಾಯುತ್ತದೆ.